ಎಡಗಡೆಯ ಸೈಲೆನ್ಸರ್

ಟ್ರ್ಯಾಕ್ಟರ್ ಕಂಪನಿಯ ಬಿಡಿಭಾಗಗಳ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತನಾದ ಆ ಮನುಷ್ಯನನ್ನು ಊರೆಲ್ಲ ಕ್ಯಾಟಲಾಗು ಎಂದೇ ಕರೆಯುತ್ತಿತ್ತು. ಹೆಂಡತಿಯ ಹುಟ್ಟಿದ ದಿನ ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ. ಕ್ಲಚ್ ಪ್ಲೇಟಿನ ನಂಬರು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದ. ಒಂದು ದಿನವೂ ಹೊಲ ಉತ್ತವನಲ್ಲ. ಆದರೂ ಕಂಪನಿಯ ಹಳೆಯ ಟ್ರ್ಯಾಕ್ಟರುಗಳಾದ ಇಪ್ಪತ್ತೈದು, ಮೂವತ್ತೈದು, ನಲವತ್ತೈದು ಎಂಬ ಮೂರು ಮಾಡೆಲುಗಳ ವಿಚಾರದಲ್ಲಿ ಅವನೆದುರು ಬಾಯಿ ತೆರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ನಿವೃತ್ತಿಯಾದ ಮೇಲೆ ಆ ಮೂರರ ಚರಿತ್ರೆ ಬರೆದ. ಇನ್ನೂರು ಪುಟ. ಇಪ್ಪತ್ತೈದಕ್ಕೆ ಬೂದು ಬಣ್ಣ ಯಾಕೆ, ಮೂವತ್ತೈದಕ್ಕೆ ಕೆಂಪು ಬಂದದ್ದು ಯಾವಾಗ, ನ್ಯೂಟ್ರಲ್ಲಿಗೆ ತಾರದೆ ಎಂಜಿನ್ ಸ್ಟಾರ್ಟ್ ಆಗದಂತೆ ಮಾಡಿದ ಜಾಣ ಯಾರು, ನೇಗಿಲನ್ನು ಎರಡೇ ಬೆರಳಲ್ಲಿ ಎತ್ತಿ ಇಳಿಸುವ ಲಿವರ್ ಯಾವ ವರ್ಷದ್ದು, ಎಲ್ಲವೂ ಅದರಲ್ಲಿತ್ತು. ಸೀಟಿನ ಕೆಳಗಿನ ಸ್ಪ್ರಿಂಗಿಗೆ ಹನ್ನೊಂದು ಪುಟ. ಆ ಸೀಟಿನ ಮೇಲೆ ಕೂತು ಉತ್ತವರಿಗೆ ಒಂದು ಸಾಲು, ಅದೂ ಮುನ್ನುಡಿಯ ಕೊನೆಯಲ್ಲಿ.

ಪುಸ್ತಕದಲ್ಲಿ ಅವನಿಗೆ ಅತಿ ಹೆಮ್ಮೆಯದ್ದು ನಲವತ್ತನೆಯ ಪುಟ. ಮೂವತ್ತೈದು ಮಾರಾಟಕ್ಕೆ ಬಂದ ಮೊದಲ ವರ್ಷ ಕಂಪನಿ ಅಚ್ಚು ಹಾಕಿಸಿದ ಫೋಟೊ ಅಲ್ಲಿತ್ತು. ಬಾನೆಟ್ಟಿನ ಮೇಲೆ ಹೆಸರು ಅಂಟಿಸುವುದಕ್ಕೂ ಮೊದಲೇ ತೆಗೆದ ಫೋಟೊ ಅದು. ಊರಲ್ಲಿದ್ದ ಮೂವತ್ತೈದುಗಳಿಗೆಲ್ಲ ಸೈಲೆನ್ಸರ್ ಪೈಪು ಬಾನೆಟ್ಟಿನ ಬಲಕ್ಕಿದ್ದರೆ ಫೋಟೊದಲ್ಲಿ ಎಡಕ್ಕಿತ್ತು. ಬೇರೆಯವರಾಗಿದ್ದರೆ ಒಂದು ಗಳಿಗೆ ಯೋಚಿಸುತ್ತಿದ್ದರು. ಕ್ಯಾಟಲಾಗಿಗೆ ಅಚ್ಚಾದದ್ದೇ ಸತ್ಯ. ಮೊದಲ ವರ್ಷದ ಅಸಲಿ ಮೂವತ್ತೈದಕ್ಕೆ ಸೈಲೆನ್ಸರ್ ಎಡಗಡೆ, ಬಲಗಡೆಯದೆಲ್ಲ ಆಮೇಲೆ ಯಾರೋ ಮೆಕ್ಯಾನಿಕ್ಕುಗಳು ಕೈಯಾಡಿಸಿದ್ದು ಎಂದು ಬರೆದುಬಿಟ್ಟ.

ಹಳೆ ಟ್ರ್ಯಾಕ್ಟರ್ ಸಂಘದಲ್ಲಿ ಹನ್ನೆರಡು ಜನ, ಒಬ್ಬೊಬ್ಬರ ಹತ್ತಿರ ಒಂದೊಂದು ಮೂವತ್ತೈದು. ಅವರಲ್ಲಿ ಹೊಲವಿದ್ದವರು ಇಬ್ಬರೇ. ಅಧ್ಯಕ್ಷನಿಗಿದ್ದದ್ದು ಬಟ್ಟೆ ಅಂಗಡಿ, ಹಾಗಾಗಿ ಅವನ ಟ್ರ್ಯಾಕ್ಟರು ವರ್ಷವಿಡೀ ಮಖಮಲ್ಲಿನ ಹೊದಿಕೆಯೊಳಗೆ ನೆಮ್ಮದಿಯಾಗಿ ಮಲಗಿರುತ್ತಿತ್ತು. ಪುಸ್ತಕ ಬಂದದ್ದೇ ತಡ, ಹನ್ನೆರಡೂ ಜನ ವೆಲ್ಡರನ ಅಂಗಡಿ ಮುಂದೆ ಸಾಲುಗಟ್ಟಿದರು. ಬಾನೆಟ್ಟು ಕೊರೆಸಿ, ಪೈಪು ಬಗ್ಗಿಸಿ ಎಡಕ್ಕೆ ತಂದು, ಬಲಗಡೆಯ ತೂತಿಗೆ ತಗಡು ಮೆತ್ತಿಸಿ, ಮೇಲೆ ಬಣ್ಣ ಹೊಡೆಸಿ ಅಸಲಿತನ ಸಂಪಾದಿಸಿದರು. ವೆಲ್ಡರ್ ಆ ವರ್ಷ ಮನೆಗೆ ಮಹಡಿ ಎತ್ತಿದ.

ಸಂಘದ ಪ್ರದರ್ಶನ ಬಂತು. ಅತ್ಯಂತ ಅಸಲಿ ಎನಿಸಿದ ಮೂವತ್ತೈದಕ್ಕೆ ಬಹುಮಾನ, ಹಿಂದಿನ ಚಕ್ರಗಳಿಗೆ ಒಂದು ಜೊತೆ ಹೊಸ ಟೈರು. ತೀರ್ಪುಗಾರ ಯಾರೆಂದು ಕೇಳುವುದೇ ಬೇಡ.

ಎಡಗಡೆ ಸೈಲೆನ್ಸರಿನ ಹನ್ನೆರಡು ಟ್ರ್ಯಾಕ್ಟರುಗಳು ಫಳಫಳ ಹೊಳೆಯುತ್ತ ನಿಂತಿದ್ದ ಮೈದಾನಕ್ಕೆ ಹದಿಮೂರನೆಯದೊಂದು ಮಣ್ಣು ಮೆತ್ತಿಕೊಂಡು ಗುಡುಗುತ್ತ ಬಂತು. ಓಡಿಸುತ್ತಿದ್ದವಳು ಕ್ಯಾಟಲಾಗಿನ ಅಕ್ಕ. ಮೊದಲ ವರ್ಷವೇ ಅಪ್ಪ ಹೊಸದಾಗಿ ತಂದ ಗಾಡಿ ಅದು. ಅಪ್ಪ ಹೋದ ಮೇಲೆ ಅಕ್ಕನೇ ಅದರಲ್ಲಿ ಉಳುತ್ತ ಬಂದಿದ್ದಳು.

"ಆ ಟೈರು ನಂಗೆ ಬೇಕು ಕಣೋ," ಎಂದಳು ಇಳಿಯುತ್ತಲೇ. "ಮುಂದಿನ ವಾರ ಬಿತ್ತನೆ. ಇವು ಸವೆದು ನುಣ್ಣಗಾಗಿವೆ, ಚಕ್ರ ನಿಂತಲ್ಲೇ ತಿರುಗುತ್ತೆ. ಇದಕ್ಕಿಂತ ಅಸಲಿ ಇನ್ನೆಲ್ಲಿದೆ ಹೇಳು? ಹೊರಗಿನ ಮೆಕ್ಯಾನಿಕ್ ಕೈಯೇ ಇದಕ್ಕೆ ತಾಗಿಲ್ಲ."

ಕ್ಯಾಟಲಾಗು ಬಾನೆಟ್ಟಿನ ಬಲಕ್ಕಿದ್ದ ಪೈಪನ್ನೇ ನೋಡುತ್ತಿದ್ದ. "ಅಕ್ಕ, ಸೈಲೆನ್ಸರ್ ಈ ಕಡೆಗೆ ಯಾವಾಗ ಹಾಕಿಸ್ದೆ?"

"ನಾನ್ಯಾಕೆ ಹಾಕಿಸ್ಲಿ? ಅಪ್ಪ ತಂದಾಗಿಂದ ಅಲ್ಲೇ ಇದೆ. ಮರೆತುಬಿಟ್ಯಾ? ಚಿಕ್ಕವನಿದ್ದಾಗ ಬಲಗಡೆ ಮಡ್‌ಗಾರ್ಡ್ ಮೇಲೇ ಕೂರ್ತೀನಿ ಅಂತ ರಚ್ಚೆ ಹಿಡೀತಿದ್ದೆ. ಮನೆಗೆ ಬರೋಷ್ಟರಲ್ಲಿ ಹೊಗೆಗೆ ಮೂಗೆಲ್ಲ ಕಪ್ಪು. ಅಮ್ಮ ತಿಕ್ಕಿ ತಿಕ್ಕಿ ತೊಳೀತಿದ್ಲು."

ಕ್ಯಾಟಲಾಗು ಪುಸ್ತಕ ತೆಗೆದು ನಲವತ್ತನೆಯ ಪುಟ ಅವಳ ಮುಂದೆ ಹಿಡಿದ. ಅಕ್ಕ ಸೊಂಟದ ಚೀಲದಿಂದ ಕನ್ನಡಕ ತೆಗೆದು ನೋಡಿದಳು. ಪೈಪನ್ನಲ್ಲ, ಕೆಳಗಿನ ಪೆಡಲುಗಳನ್ನು.

"ಇದೇನೋ ಇದು, ಬ್ರೇಕು ಎರಡೂ ಎಡಗಾಲಿಗೆ ಬಂದಿವೆ!"

ಮೂವತ್ತೈದು ಹೆಸರು ಮಾಡಿದ್ದೇ ಬಲಗಾಲಿನ ಕೆಳಗಿನ ಆ ಎರಡು ಬ್ರೇಕುಗಳಿಂದ. ಹಿಂದಿನ ಒಂದೊಂದು ಚಕ್ರಕ್ಕೆ ಒಂದೊಂದು. ಒಂದನ್ನೇ ಒತ್ತಿದರೆ ಗಾಡಿ ನಿಂತ ಜಾಗದಲ್ಲೇ ಆ ಕಡೆಗೆ ಹೊರಳುತ್ತಿತ್ತು. ಕ್ಯಾಟಲಾಗು ಅವುಗಳ ಮೇಲೆ ಆರು ಪುಟ ಬರೆದಿದ್ದ. ಆ ಫೋಟೊವನ್ನು ಮೂವತ್ತು ವರ್ಷ ನೋಡಿದ್ದ. ಪೆಡಲುಗಳನ್ನು ಮಾತ್ರ ನೋಡಿರಲಿಲ್ಲ.

"ಫೋಟೊ ಉಲ್ಟಾ ಅಚ್ಚಾಗಿದೆ ಕಣೋ, ಅಷ್ಟೇ. ನಿನ್ನ ಮಾತು ಕೇಳಿ ಇವರೆಲ್ಲ ಪೈಪು ಎಡಕ್ಕೆ ತಂದ್ರಲ್ಲ, ಬ್ರೇಕು ಯಾಕೆ ಬಿಟ್ರು ಪಾಪ?"

ಕ್ಯಾಟಲಾಗು ಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡು ಪೆಡಲುಗಳನ್ನು ನೋಡಿದ. ಅಕ್ಕ ಹೇಳಿದ್ದು ನಿಜವೆಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಅಮ್ಮ ಮೂಗು ತಿಕ್ಕಿದ ಉರಿ ಕೂಡ ನೆನಪಾಯಿತು. ಬೆನ್ನ ಹಿಂದೆ ಹನ್ನೆರಡು ಜನ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು.

"ಏನಂತೆ ಗುರುಗಳೇ?" ಎಂದ ಅಧ್ಯಕ್ಷ.

ತಪ್ಪಾಯಿತು ಎನ್ನುವ ಒಂದೇ ಮಾತು ನಾಲಿಗೆಯ ತುದಿಯವರೆಗೆ ಬಂದು, ಹನ್ನೆರಡು ಕೊರೆದ ಬಾನೆಟ್ಟುಗಳನ್ನು ಕಂಡು ಹಿಂದಕ್ಕೆ ಓಡಿತು. ಕ್ಯಾಟಲಾಗು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ಹದಿಮೂರನೆಯದು ಒಳ್ಳೆ ಗಾಡಿ. ಆದರೆ ಅಸಲಿ ಅಲ್ಲ. ಸ್ಪರ್ಧೆಗೆ ಬರೋದಿಲ್ಲ."

ಟೈರುಗಳು ಅಧ್ಯಕ್ಷನಿಗೆ ಹೋದವು. ಅವನ ಗಾಡಿಯನ್ನು ಮೈದಾನಕ್ಕೆ ನಾಲ್ಕು ಜನ ತಳ್ಳಿಕೊಂಡು ಬಂದಿದ್ದರು. ಅದರ ಹಳೆ ಟೈರಿನಲ್ಲೇ ಇನ್ನೂ ಕಾರ್ಖಾನೆಯಿಂದ ಬಂದ ರಬ್ಬರಿನ ಕೂದಲೆಳೆಗಳು ಸವೆಯದೆ ನಿಂತಿದ್ದವು.

ಅಕ್ಕ ಜಗಳವಾಡಲಿಲ್ಲ. "ಅಪ್ಪನ ಗಾಡೀನೇ ಸುಳ್ಳು ಅಂದ್ಬಿಟ್ಯಲ್ಲೋ," ಎಂದಳು. ಗಾಡಿ ಹತ್ತಿ, ಒಂದೇ ಬ್ರೇಕು ಒತ್ತಿ, ಹನ್ನೆರಡು ಜನರೆದುರು ನಿಂತಲ್ಲೇ ಹೊರಳಿಸಿಕೊಂಡು ಹೊರಟಳು. ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿ, ಅಧ್ಯಕ್ಷನ ಮುಖ ನೋಡಿ ನಿಲ್ಲಿಸಿದರು.

ನಾಲ್ಕು ದಿನ ಕ್ಯಾಟಲಾಗು ಮನೆಯಿಂದ ಹೊರಬೀಳಲಿಲ್ಲ. ಪುಸ್ತಕ ಕಂಡರೆ ನಾಚಿಕೆ, ಅಕ್ಕನನ್ನು ನೆನೆದರೆ ಸಂಕಟ. ಐದನೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅವಳ ಹೊಲಕ್ಕೆ ಹೋದ. ಕ್ಷಮೆ ಕೇಳುವುದಕ್ಕೂ ಅವನಿಗೆ ಇಸ್ತ್ರಿ ಬೇಕಿತ್ತು.

ಹೊಲದ ತೇವದಲ್ಲಿ ಗಾಡಿ ಸಿಕ್ಕಿಕೊಂಡಿತ್ತು. ನುಣ್ಣನೆಯ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ ಕೆಸರು ಹಾರಿಸುತ್ತಿತ್ತು.

"ಬಂದ್ಯಾ? ಹತ್ತು," ಎಂದಳು ಅಕ್ಕ. "ಭಾರ ಸಾಲ್ತಿಲ್ಲ."

"ಯಾವ ಕಡೆ?"

"ಬಲಗಡೆ. ಆ ಚಕ್ರಾನೇ ಜಾರ್ತಿರೋದು."

ಚರಿತ್ರೆಕಾರ ಬಲಗಡೆ ಮಡ್‌ಗಾರ್ಡ್ ಹತ್ತಿ ಕೂತ. ಚಕ್ರ ಮಣ್ಣು ಕಚ್ಚಿತು, ಗಾಡಿ ಹೊರಟಿತು, ಎದುರುಗಾಳಿಗೆ ಪೈಪಿನ ಹೊಗೆಯೆಲ್ಲ ನೇರ ಅವನ ಮುಖಕ್ಕೆ ಬಂತು.

"ಅಕ್ಕ, ತಪ್ಪಾಯ್ತು!"

"ಏನಂದೆ?"

"ತಪ್ಪಾಯ್ತು ಅಂದೆ!" ಎಂದು ಎಂಜಿನ್ ಸದ್ದಿನ ಮೇಲೆ ಕಿರುಚಿದ.

"ಅದನ್ನ ಮೈಕಲ್ಲಿ ಹೇಳು," ಎಂದಳು ಅಕ್ಕ, ಸಾಲಿನಿಂದ ಕಣ್ಣು ತೆಗೆಯದೆ. "ಇಲ್ಲಿ ಇಬ್ಬರಿಗೂ ಗೊತ್ತಿರೋದೇ. ಅಲ್ಲಾಡ್ದೆ ಕೂತ್ಕೋ, ಇನ್ನೂ ಅರ್ಧ ಹೊಲ ಇದೆ."