ಖಾಲಿ ಲಾರಿಯೇ ಎತ್ತರ

ಜಕ್ಕೂರಿನ ಹಳೇ ಊರಿನ ಬೀದಿಗಳಲ್ಲಿ ಲಾರಿ ಸಿಕ್ಕಿಕೊಳ್ಳುವುದು ನಮಗೇನೂ ಹೊಸದಲ್ಲ. ಡ್ರೈವರುಗಳು ಫೋನಿನಲ್ಲಿ ಕಾರಿನವರ ಮ್ಯಾಪ್ ಹಾಕಿಕೊಂಡು ಬರುತ್ತಾರೆ, ಯಾರದೋ ಬಾಲ್ಕನಿಗೆ ಗುದ್ದುತ್ತಾರೆ, ಬೈಸಿಕೊಂಡು ಹಿಂದಕ್ಕೆ ಹೋಗುತ್ತಾರೆ. ನಾನು ಶಹರ್ಬಾನು. ನನ್ನ ಯಜಮಾನರು ಖಾದರ್ ಬಾಷಾ ಕಂಟೇನರ್ ಲಾರಿ ಓಡಿಸುತ್ತಾರೆ. ಅದಕ್ಕೇ ಬೈಯುವವರ ಗುಂಪಿಗೆ ನಾನು ಸೇರುವುದಿಲ್ಲ, ಮೆಲ್ಲಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ.

ಆರ್.ಟಿ. ನಗರದಲ್ಲಿರುವ ನನ್ನ ತಂಗಿಯ ಮಗಳು ಗಜಾಲಾ, ಲಾರಿಗಳಿಗೆಂದೇ ದಾರಿ ತೋರಿಸುವ ಆ್ಯಪ್ ಮಾಡುವ ತಂಡದಲ್ಲಿದ್ದಾಳೆ. ಯಶವಂತಪುರದಲ್ಲಿ ಡ್ರೈವರುಗಳ ಜೊತೆ ಟೀ ಕುಡಿದು, ಅವರ ಪಾಡೆಲ್ಲ ಕೇಳಿ ಮಾಡಿದ ಆ್ಯಪ್ ಅದು. ಒತ್ತುವ ಗುಂಡಿಗಳು ದಪ್ಪ ದಪ್ಪ. ಓದುವ ಗೋಜಿಲ್ಲ, ಕನ್ನಡದಲ್ಲೇ ಕೂಗಿ ಹೇಳುತ್ತದೆ. ಒಂದು ಭಾನುವಾರ ಅದನ್ನು ಇವರ ಫೋನಿಗೆ ಹಾಕಿಕೊಟ್ಟು, ಟೇಪು ಹಿಡಿದು ಲಾರಿಯ ಎತ್ತರ ಅಳೆದಳು.

"ಇದು ಖಾಲಿ ಗಾಡಿಯ ಎತ್ತರ ಖಾಲೂ. ಲೋಡ್ ಆದ್ಮೇಲೆ ಇನ್ನೊಂದ್ಸಲ ಅಳೆದು ಹಾಕಿ. ಹೊರಡೋವಾಗೆಲ್ಲ 'ಲೋಡಾ, ಖಾಲಿನಾ' ಅಂತ ಕೇಳುತ್ತೆ, ಒತ್ತಿದ್ರೆ ಸಾಕು," ಅಂದಳು. ಖಾಲೂ ಅಂದರೆ ನಮ್ಮಲ್ಲಿ ದೊಡ್ಡಪ್ಪ.

ಇವರಿಗೆ ನಗು. "ಯಾಕಮ್ಮಾ, ಹೊಟ್ಟೆ ತುಂಬಿದ್ರೆ ಲಾರಿ ಕುಳ್ಳಾಗುತ್ತಾ?"

"ಆಗುತ್ತೆ! ಭಾರಕ್ಕೆ ಚಕ್ರದ ಮೇಲಿನ ಕಮಾನು ಪ್ಲೇಟು ಅದುಮಿಕೊಳ್ಳುತ್ತೆ. ಲೋಡ್ ಇಳಿಸಿದ್ರೆ ಲಾರಿ ಮತ್ತೆ ಮೇಲೇಳುತ್ತೆ."

"ಅಷ್ಟು ನಂಗೂ ಗೊತ್ತು. ನಾಲ್ಕು ಬೆರಳು ಹೆಚ್ಚುಕಮ್ಮಿ ಆದ್ರೆ ಆಕಾಶ ಬೀಳುತ್ತಾ?"

"ಆಕಾಶ ಬೀಳಲ್ಲ ಖಾಲೂ, ಸೇತುವೆ ಬಡಿಯುತ್ತೆ," ಅಂದಳು ಗಜಾಲಾ.

ಹುಡುಗಿಯ ಮನಸ್ಸು ನೋಯಿಸಬಾರದೆಂದು ಎರಡನೇ ಸಲವೂ ಅಳೆದು ಹಾಕಿದರು. ನಂಬಿಕೆ ಮಾತ್ರ ಎಳ್ಳಷ್ಟೂ ಇರಲಿಲ್ಲ.

ಹೋದ ತಿಂಗಳು ಇವರು ಟೈಲ್ಸ್ ಲೋಡು ಇಳಿಸಲು ಯಲಹಂಕದಾಚೆ ಹೋಗಿದ್ದರು. ಅಲ್ಲಾಳಸಂದ್ರದ ನೆಂಟರ ಮನೆಯಲ್ಲಿದ್ದ ನಾನು, ವಾಪಸ್ ಬರುವ ಖಾಲಿ ಲಾರಿ ಹತ್ತಿದೆ. "ಖಾಲಿ" ಗುಂಡಿ ಒತ್ತಿದ್ದೂ ನಾನೇ. ಇವರಿಗೆಲ್ಲಿಯ ಪುರುಸೊತ್ತು! ದಾರಿಯಲ್ಲಿ ಮಳೆ ಹಿಡಿದುಕೊಂಡಿತು. ರೈಲ್ವೆ ಅಂಡರ್‌ಪಾಸ್ ಹತ್ತಿರ ಬಂದಾಗ ಫೋನು ಕೂಗಿತು: "ಖಾಲಿ ಗಾಡಿ. ಮುಂದಿನ ಸೇತುವೆ ಕೆಳಗೆ ಹೋಗಬೇಡಿ."

"ಬೆಳಿಗ್ಗೆ ಇದ್ರ ಕೆಳಗೇ ಹೋದೆ ಕಣೇ, ಆಗ ಬಾಯಿ ಮುಚ್ಕೊಂಡಿತ್ತು!"

"ಆಗ ಲೋಡಿತ್ತು, ಈಗಿಲ್ಲ. ನನ್ನಾಣೆ ರೀ, ಇಳಿದು ನೋಡಿ."

ಗೊಣಗುತ್ತಲೇ ಸೇತುವೆಯ ಮುಂದೆ ನಿಲ್ಲಿಸಿದರು. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ತಲೆಗೆ ಟವೆಲ್ ಹಾಕಿಕೊಂಡು ಇಳಿದು ಮೇಲೆ ನೋಡಿದವರು ನಿಂತಲ್ಲೇ ನಿಂತುಬಿಟ್ಟರು. ಕಂಟೇನರಿನ ಅಂಚು ಸೇತುವೆಯ ತೊಲೆಗಿಂತ ಮೇಲಿತ್ತು. ಆಮೇಲೆ ಸೇತುವೆಯ ಕೆಳಗೆ ನೋಡಿದರು. ಮಳೆಗೆ ಹೆದರಿ ಸ್ಕೂಟರಿನವರು ಅಲ್ಲಿ ಒತ್ತೊತ್ತಾಗಿ ನಿಂತಿದ್ದರು. ಒಬ್ಬಾಕೆ ದುಪಟ್ಟಾದಿಂದ ಮಗುವಿನ ತಲೆ ಒರೆಸುತ್ತಿದ್ದಳು.

ಹತ್ತಿ ಕೂತು, ಹಿಂದಿನವರಿಗೆ ಕೈಸನ್ನೆ ಮಾಡಿ ರಿವರ್ಸ್ ಗೇರ್ ಹಾಕಿದರು. "ಬಡಿದಿದ್ರೆ..." ಅಂದರು.

"ಅಲ್ಲಾಹ್ ಕಾಪಾಡಿದ," ಅಂದೆ.

"ಹೂಂ. ನಮ್ಮ ಗಜಾಲಾ ಕೈಯಿಂದ ಕಾಪಾಡಿಸಿದ."

ಸುತ್ತು ದಾರಿ ಹಿಡಿದು ಮನೆ ಸೇರಿದ ಕೂಡಲೇ ಅವಳಿಗೆ ಫೋನ್ ಮಾಡಿದರು. "ನಿನ್ನ ಉಪಕಾರ ಹೇಗೆ ತೀರಿಸ್ಲಿ ಬೇಟಾ?" ಎಂದು ಕೇಳಿದರು. "ಇನ್ನೊಬ್ಬ ಡ್ರೈವರ್‌ಗೆ ಹೇಳಿಕೊಡಿ ಖಾಲೂ, ಸಾಕು," ಅಂದಳು ಆಕೆ. ಈಗ ಟೇಪು ಇವರ ಕೈಗೇ ಬಂದಿದೆ. ಕಂಡ ಕಂಡ ಲಾರಿ ಅಳೆಯುವುದೇ ಕೆಲಸ!

ಲಾರಿ ಓಡಿಸುವ ಅಣ್ಣತಮ್ಮಂದಿರೇ, ಕಾರಿನ ಮ್ಯಾಪ್ ನಂಬಿ ಲಾರಿ ನುಗ್ಗಿಸಬೇಡಿ. ಲೋಡ್ ಇದ್ದಾಗ, ಖಾಲಿ ಇದ್ದಾಗ, ಎರಡೂ ಸಲ ಎತ್ತರ ಅಳೆಯಿರಿ. ಗುಂಡಿ ಒತ್ತುವುದೆಲ್ಲ ಹೊರಡುವ ಮೊದಲೇ ಮುಗಿಸಿ. ಓಡಿಸುವಾಗ ಫೋನು ಮುಟ್ಟಬೇಡಿ. ಅನುಮಾನ ಬಂದರೆ ಇಳಿದು ನೋಡಿ, ಅದರಲ್ಲಿ ಮರ್ಯಾದೆ ಹೋಗುವಂಥದ್ದೇನಿಲ್ಲ. ಅಂದು ಎಂಥ ಅನಾಹುತ ತಪ್ಪಿತೆಂದು ಆ ಮಗುವಿನ ತಾಯಿಗೆ ಇಂದಿಗೂ ಗೊತ್ತಿಲ್ಲ. ಮಳೆ ನಿಂತ ಮೇಲೆ ಸ್ಕೂಟರ್ ಹತ್ತಿ ಮನೆಗೆ ಹೋಗಿರುತ್ತಾಳೆ, ಅಷ್ಟೇ. ನಿಮ್ಮ ದಾರಿಯಲ್ಲಿ ನಿಂತ ತಾಯಂದಿರೂ ಹಾಗೇ, ಏನೂ ಗೊತ್ತಾಗದೆ ಮನೆ ಸೇರಲಿ.