ಇಬ್ಬರಿಗೆ ಒಬ್ಬ ವೀರ

ನಮ್ಮ ಪತ್ರಿಕೆಯ ಮೂವತ್ತೆರಡು ವರ್ಷಗಳ ಇತಿಹಾಸದಲ್ಲಿ ಸಂಪಾದಕ ಮಂಡಳಿ ಬಾಗಿಲು ಹಾಕಿಕೊಂಡು ಚರ್ಚಿಸಿದ ಪ್ರಸಂಗಗಳು ಎರಡೇ. ಮೊದಲನೆಯದು ದೊಡ್ಡ ಭೂಕಂಪದ ಮರುದಿನ. ಎರಡನೆಯದು ಕಳೆದ ಜುಲೈ ತಿಂಗಳ ಒಂದು ಸೋಮವಾರ, ಮೂರು ಯಂತ್ರಗಳ ಮುಂದೆ ನಾಲ್ಕು ಜನರನ್ನು ಕೂರಿಸುವುದು ಹೇಗೆ ಎಂಬ ವಿಷಯದ ಮೇಲೆ. ಭೂಕಂಪದ ಚರ್ಚೆ ಇಪ್ಪತ್ತು ನಿಮಿಷದಲ್ಲಿ ಮುಗಿದಿತ್ತು.

‘ಏಳು ಗಂಟೆಗಳ ನಾಡು’ ಎಂಬ ವಿಡಿಯೋ ಗೇಮ್ ಸರಣಿಯ ಹದಿಮೂರನೆಯ ಕಂತು ತಿಂಗಳ ಕೊನೆಗೆ ಅಂಗಡಿಗೆ ಬರುವುದಿತ್ತು. ಹಳ್ಳಿಯವನೊಬ್ಬ ಕತ್ತಿ ಹಿಡಿದು ಹೊರಟು, ಏಳು ಗೋಪುರಗಳ ಗಂಟೆ ಬಾರಿಸಿ, ಕೊನೆಗೆ ರಾಕ್ಷಸರಾಜನನ್ನು ಕೊಲ್ಲುವ ಕಥೆ. ಹದಿಮೂರು ಸಲವೂ ಅದೇ. ಹೊಸ ಕಂತು ಬಂದಾಗಲೆಲ್ಲ ನಮ್ಮ ಓದುಗರಲ್ಲಿ ಅರ್ಧ ಜನ ಏನೂ ಬದಲಾಗಿಲ್ಲವೆಂದು ಬೈದು ಪತ್ರ ಬರೆಯುತ್ತಾರೆ, ಉಳಿದರ್ಧ ಎಲ್ಲ ಬದಲಾಗಿಹೋಯಿತೆಂದು ಬೈಯುತ್ತಾರೆ. ಮೊದಲ ದಿನ ಅಂಗಡಿಯ ಮುಂದಿನ ಸಾಲಿನಲ್ಲಿ ಇಬ್ಬರೂ ಒಟ್ಟಿಗೇ ನಿಂತಿರುತ್ತಾರೆ.

ನಮ್ಮ ಕ್ರಮ ಹೀಗೆ. ನಾಲ್ವರು ವಿಮರ್ಶಕರು ಆಟವನ್ನು ಆಡಿ, ತಲಾ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಹತ್ತು ಸಾಲು ಬರೆಯುತ್ತೇವೆ. ಪಕ್ಕದಲ್ಲಿ ನಮ್ಮ ಮುಖದ ಪುಟ್ಟ ಚಿತ್ರ ಇರುತ್ತದೆ. ಆಟದ ಕೊನೆ ನೋಡದವರು ಅಂಕ ಕೊಡುವಂತಿಲ್ಲ. ಪತ್ರಿಕೆಯಲ್ಲಿ ಇದಕ್ಕಿಂತ ದೊಡ್ಡ ನಿಯಮ ಇಲ್ಲ. ಇದಕ್ಕಿಂತ ಚಿಕ್ಕವನ್ನು ಯಾರೂ ಪಾಲಿಸುವುದೂ ಇಲ್ಲ.

ಆಟದ ಗುಟ್ಟು ಹೊರಗೆ ಸೋರಬಾರದೆಂದು ಕಂಪನಿಯವರು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಮೂರೇ ಯಂತ್ರ ಕಳಿಸಿದ್ದರು. ಮುಂದಿನ ವಾರದ ಶುಕ್ರವಾರ ಸಂಜೆ ಐದಕ್ಕೆ ವಾಪಸು ಒಯ್ಯುತ್ತಾರೆ. ನಾಲ್ಕನೆಯದು ಬೇಕೆಂದು ಕೇಳಿದ್ದಕ್ಕೆ ಒಂದು ಪುಟದ ಉತ್ತರ ಬಂತು. ನಮ್ಮ ದೇಶದ ಪತ್ರಪದ್ಧತಿಯಂತೆ, ಜುಲೈಗೆ ಮಳೆಗಾಲ ಮುಗಿಯುತ್ತಿದೆ ಎಂಬ ಮಾತಿನಿಂದ ಆರಂಭಿಸಿ, ಜೀರುಂಡೆಗಳ ಸದ್ದನ್ನು ನೆನೆದು, ನಮ್ಮೆಲ್ಲರ ಆರೋಗ್ಯ ಹಾರೈಸಿ ಮುಗಿಸಿದ್ದರು. ಮೂರು ಸಲ ಓದಿದ ಮೇಲೆ ‘ಇಲ್ಲ’ ಎಂದಿದ್ದಾರೆಂದು ತಿಳಿಯಿತು.

ತೊಡಕು ಇಷ್ಟೇ ಆಗಿದ್ದರೆ ಸರದಿಯ ಮೇಲೆ ಆಡಬಹುದಿತ್ತು. ಆದರೆ ಈ ಸರಣಿಯಲ್ಲಿ ಒಂದು ಯಂತ್ರಕ್ಕೆ ಒಬ್ಬನೇ ವೀರ. ಇನ್ನೊಬ್ಬನನ್ನು ಹೊರಡಿಸಿದರೆ ಮೊದಲಿನವನು ಅಳಿಸಿಹೋಗುತ್ತಾನೆ. ಬೇರೆ ಎಲ್ಲ ಆಟಗಳೂ ಈ ಪದ್ಧತಿ ಬಿಟ್ಟು ಇಪ್ಪತ್ತು ವರ್ಷವಾಯಿತು; ಇವರು ಅದನ್ನು ಸಂಪ್ರದಾಯ ಎನ್ನುತ್ತಾರೆ. ಅಂದರೆ ನಮ್ಮಲ್ಲಿ ಯಾರಾದರೂ ಇಬ್ಬರು ಒಬ್ಬನೇ ವೀರನನ್ನು ಹಂಚಿಕೊಂಡು ಬಾಳಬೇಕಿತ್ತು.

“ಜಗಳ ಬೇಡ. ಕಲ್ಲು-ಕತ್ತರಿ-ಕಾಗದ ಹಾಕ್ರಿ, ಸೋತ ಇಬ್ರು ಹಂಚ್ಕೊಳ್ಳಿ,” ಎಂದರು ಪ್ರಧಾನ ಸಂಪಾದಕ ಒಕುದೈರಾ.

ನಾವು ನಾಲ್ವರು ವೃತ್ತವಾಗಿ ನಿಂತೆವು. ಹಿರಿಯರಾದ ಕುಸುನೋಕಿ-ಸಾನ್ ಮೊದಲ ಸಲ ಕಲ್ಲನ್ನೇ ಹಾಕುತ್ತಾರೆಂಬುದು ನಮ್ಮ ಮಹಡಿಯಲ್ಲಿ ಎಲ್ಲರಿಗೂ ಗೊತ್ತು. ಅವರ ಬೆಂಟೋ ಊಟದ ಡಬ್ಬಿಯ ಕೊನೆಯ ಕರಿದ ಸೀಗಡಿಯನ್ನು ಈ ಜ್ಞಾನದಿಂದಲೇ ಎಷ್ಟೋ ಸಲ ಗೆದ್ದಿದ್ದೇವೆ. ಮಿನೆಗಿಶಿ ಕಾಗದ ಹಾಕಿದ. ನಾನೂ ಕಾಗದ ಹಾಕಿದೆ. ಏಪ್ರಿಲ್‌ನಲ್ಲಷ್ಟೇ ಕೆಲಸಕ್ಕೆ ಸೇರಿದ್ದ ಇಗರಾಶಿಗೆ ಇದನ್ನು ಯಾರೂ ಹೇಳಿರಲಿಲ್ಲ. ಆಕೆ ಕಲ್ಲು ಹಾಕಿದಳು.

“ಅಯ್ಯೋ,” ಎಂದಳು.

“ಒಳ್ಳೆ ಜೋಡಿ,” ಎಂದ ಮಿನೆಗಿಶಿ. “ಒಬ್ಬರಿಗೆ ಅರವತ್ತು, ಒಬ್ಬರಿಗೆ ಇಪ್ಪತ್ನಾಲ್ಕು. ಸರಾಸರಿ ತಗೊಂಡ್ರೆ ವೀರನ ಅಪ್ಪನ ವಯಸ್ಸು.”

ಕುಸುನೋಕಿ-ಸಾನ್ ನಗಲಿಲ್ಲ. ತಿಂಗಳ ಕೊನೆಗೆ ಅವರು ನಿವೃತ್ತರಾಗುವವರಿದ್ದರು. ಮೂರನೆಯ ಕಂತಿನಿಂದ ಹನ್ನೆರಡನೆಯದರವರೆಗೆ, ಹತ್ತು ಕಂತುಗಳಿಗೂ ಅಂಕ ಕೊಟ್ಟವರು ದೇಶದಲ್ಲಿ ಅವರೊಬ್ಬರೇ. ಹತ್ತಕ್ಕೂ ಒಂಬತ್ತು ಕೊಟ್ಟಿದ್ದರು. ಈ ಹದಿಮೂರನೆಯದಕ್ಕೂ ಅಂಕ ಕೊಟ್ಟು ಎದ್ದುಹೋಗಬೇಕೆಂಬ ಒಂದೇ ಆಸೆ ಅವರಿಗೆ ಉಳಿದಿತ್ತು.

“ಕುಸುನೋಕಿ-ಸಾನ್, ಮೊದಲೇ ಹೇಳಿಬಿಡ್ತೀನಿ,” ಎಂದರು ಒಕುದೈರಾ, ಫೈಲು ನೋಡುತ್ತ. “ಶುಕ್ರವಾರ ಐದರೊಳಗೆ ಕೊನೆ ನೋಡ್ಲಿಲ್ಲ ಅಂದ್ರೆ ನಿಮ್ಮ ಜಾಗದಲ್ಲಿ ಬೇರೆಯವರ ಮುಖ ಹಾಕ್ಬೇಕಾಗತ್ತೆ. ನಿಯಮ ನಿಮ್ಮದೇ.”

ನಿಜ, ನಿಯಮ ಮಾಡಿದವರು ಅವರೇ.

ಮೊದಲ ಜಗಳ ನಾಮಕರಣದ್ದು. ಈ ಸರಣಿಯಲ್ಲಿ ವೀರನ ಹೆಸರಿಗೆ ನಾಲ್ಕೇ ಅಕ್ಷರ. ಕು-ಸು-ನೋ-ಕಿ ಸರಿಯಾಗಿ ನಾಲ್ಕು. ಅದನ್ನು ಅವರು ಮೂವತ್ತು ವರ್ಷಗಳಿಂದ ದೈವಸಂಕಲ್ಪವೆಂದು ನಂಬಿದ್ದರು. ದುರದೃಷ್ಟಕ್ಕೆ ಇ-ಗ-ರಾ-ಶಿ ಕೂಡ ನಾಲ್ಕೇ. ಅರ್ಧ ಗಂಟೆಯ ಮಾತುಕತೆಯ ನಂತರ ವೀರನಿಗೆ ‘ಕುಸುಇಗ’ ಎಂದು ಹೆಸರಾಯಿತು. ಔಷಧಿಯಂಗಡಿಯಲ್ಲಿ ಹೊಟ್ಟೆನೋವಿಗೆ ಕೊಡುವ ಪುಡಿಯ ಹಾಗೆ ಕೇಳಿಸುತ್ತಿತ್ತು. ಆಟದೊಳಗಿನ ರಾಜ ಸಿಂಹಾಸನದಿಂದ ಎದ್ದು “ಓ ಕುಸುಇಗ, ನಾಡು ನಿನ್ನನ್ನು ನಂಬಿದೆ” ಎಂದಾಗ ಇಗರಾಶಿ ಬಾರ್ಲಿ ಚಹಾ ಉಗುಳಿದಳು.

ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಕುಸುನೋಕಿ-ಸಾನ್, ಎರಡರಿಂದ ಆರರವರೆಗೆ ಇಗರಾಶಿ ಎಂದು ಪಾಳಿ ನಿಗದಿಯಾಯಿತು. ಎರಡೇ ದಿನದಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಕುಸುನೋಕಿ-ಸಾನ್ ಮೊದಲ ಹಳ್ಳಿಯ ಹೊರಗಿನ ಗದ್ದೆ ಬಿಟ್ಟು ಹೊರಡುವವರಲ್ಲ. ಅಲ್ಲಿ ಕೆಸರುಗಪ್ಪೆಗಳು ಬರುತ್ತವೆ. ಒಂದು ಕಪ್ಪೆ ಕೊಂದರೆ ವೀರನ ಬಲ ಒಂದು ಕೂದಲೆಳೆಯಷ್ಟು ಹೆಚ್ಚುತ್ತದೆ. ಸಾವಿರ ಕಪ್ಪೆ ಕೊಂದು ಹೊರಟರೆ ಮುಂದೆ ಯಾವ ಭಯವೂ ಇಲ್ಲ ಎಂಬುದು ಅವರ ಲೆಕ್ಕ. ಇಗರಾಶಿ ಆ ಗದ್ದೆಯಲ್ಲಿ ನಿಂತದ್ದು ನಾಲ್ಕು ನಿಮಿಷ. ಮಂಗಳವಾರ ಸಂಜೆಯ ಹೊತ್ತಿಗೆ ಆಕೆ ಎರಡು ಗಂಟೆ ಬಾರಿಸಿ, ಹಡಗು ಹತ್ತಿ, ಸಮುದ್ರದ ಆಚೆ ಇಳಿದಿದ್ದಳು.

ಬುಧವಾರ ಯಂತ್ರದ ಮೇಲೆ ಹಳದಿ ಚೀಟಿಗಳು ಕಾಣಿಸಿಕೊಂಡವು. ನಮ್ಮಲ್ಲಿ ಸಹೋದ್ಯೋಗಿಗೆ ಏನೇ ಬರೆಯುವುದಿದ್ದರೂ ಮೊದಲು ‘ತುಂಬ ದಣಿದಿರಿ’ ಎಂದು ಬರೆಯಬೇಕು. ಸಿಟ್ಟು ಹೆಚ್ಚಿದಂತೆ ಮರ್ಯಾದೆಯೂ ಹೆಚ್ಚುತ್ತದೆ.

‘ಇಗರಾಶಿ-ಸಾನ್, ನಿನ್ನೆ ತುಂಬ ದಣಿದಿರಿ. ವೀರನನ್ನು ಸಮುದ್ರದ ಆಚೆ ಬಿಟ್ಟಿದ್ದಿರಿ. ಹಳ್ಳಿಗೆ ವಾಪಸು ಕರೆತಂದಿದ್ದೇನೆ. ಕುಸುನೋಕಿ.’

‘ಕುಸುನೋಕಿ-ಸಾನ್, ತಾವು ತುಂಬ ದಣಿದಿರಿ. ಕರೆತಂದ ಕಾರಣವನ್ನು ದಯವಿಟ್ಟು ತಿಳಿಸಿದರೆ ಉಪಕಾರವಾಗುತ್ತದೆ. ಮತ್ತೆ ಸಮುದ್ರದ ಆಚೆ ಬಿಟ್ಟಿದ್ದೇನೆ. ಇಗರಾಶಿ.’

‘ತಾವು ಅತೀವ ದಣಿದಿರಿ. ಕಪ್ಪೆ ಇನ್ನೂ ಮುಗಿದಿಲ್ಲ. ವಾಪಸು ಕರೆತಂದಿದ್ದೇನೆ.’

ಹೀಗೆ ನಾಲ್ಕು ದಿನ ಕುಸುಇಗ ಹಡಗಿನಲ್ಲಿ ಹೋದ, ಬಂದ. ಆಟದೊಳಗಿನ ಹಡಗಿನ ನಾವಿಕನಿಗೆ ಹೇಳುವುದಕ್ಕೆ ಇರುವುದು ಒಂದೇ ಮಾತು, “ಶುಭಪ್ರಯಾಣ.” ಕೊನೆಕೊನೆಗೆ ಅದು ಕುಹಕದ ಹಾಗೆ ಕೇಳತೊಡಗಿತು.

ಸೋಮವಾರದ ಹೊತ್ತಿಗೆ ಮಿನೆಗಿಶಿಯೂ ನಾನೂ ಕೊನೆ ನೋಡಿ ಮುಗಿಸಿದ್ದೆವು. ಕುಸುಇಗ ಇನ್ನೂ ಮೂರನೆಯ ಗೋಪುರವನ್ನೇ ದಾಟಿರಲಿಲ್ಲ. ಒಕುದೈರಾ ಬಂದು ಪರದೆ ನೋಡಿ, ಚಿತ್ರಕಾರನಿಗೆ ಫೋನು ಮಾಡಿ ಇನ್ನೊಂದು ಮುಖ ಬರೆದಿಡಲು ಹೇಳಿದರು. ಕುಸುನೋಕಿ-ಸಾನ್ ಅದನ್ನು ಕೇಳಿಸಿಕೊಂಡರು. ಅಂದು ಮಧ್ಯಾಹ್ನ ಅವರು ಪಾಳಿ ಮುಗಿದರೂ ಏಳಲಿಲ್ಲ. ಇಗರಾಶಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

“ಅಲ್ಲಮ್ಮಾ, ಅಷ್ಟು ಅವಸರ ಏನು?”

“ನಿಮಗೋಸ್ಕರಾನೇ ಅವಸರ, ಕುಸುನೋಕಿ-ಸಾನ್. ನಿಮ್ಮ ಮುಖ ಪುಟದಲ್ಲಿ ಬೇಡ್ವಾ?”

“ಬೇಕು.”

“ಹಾಗಿದ್ರೆ ಕಪ್ಪೆ ಬಿಡಿ.”

“ಎಂಟುನೂರ ಅರವತ್ತು ಆಗಿತ್ತು,” ಎಂದರು. ಕಪ್ಪೆ ಬಿಟ್ಟರು.

ಅಲ್ಲಿಂದ ಇಬ್ಬರೂ ಒಟ್ಟಿಗೆ ಕೂತರು. ಕೆಲಸ ಸಾಗಿತು, ಬೈಗುಳವೂ ಸಾಗಿತು. ಈ ಕಂತಿನ ದೊಡ್ಡ ಹೊಸತನವೆಂದರೆ ವೀರ ನೆಗೆಯುತ್ತಾನೆ. ಹನ್ನೆರಡು ಕಂತುಗಳಲ್ಲಿ ಅವನಿಗೆ ಮೊಣಕಾಲೆತ್ತರದ ಬೇಲಿಯೂ ಕೋಟೆಯೇ ಆಗಿತ್ತು. ಕುಸುನೋಕಿ-ಸಾನ್ ಮಾತ್ರ ಈಗಲೂ ಪ್ರತಿ ಬೇಲಿಯನ್ನೂ ಸುತ್ತುಹಾಕಿಕೊಂಡೇ ಹೋಗುತ್ತಿದ್ದರು.

“ನೆಗೀರಿ!”

“ಅದು ಅವನ ಸ್ವಭಾವ ಅಲ್ಲ.”

“ಅವನು ಅರ್ಧ ನನ್ನವನೂ ಹೌದು. ನನ್ನರ್ಧ ನೆಗೆಯತ್ತೆ!”

ಆದರೆ ನಿಜವಾದ ಜಗಳ ಔಷಧದ್ದು. ಈ ಆಟದಲ್ಲಿ ‘ಬೆಳ್ಳಿ ಇಬ್ಬನಿ’ ಎಂಬ ಔಷಧವಿದೆ. ಸಾಯುತ್ತಿರುವವನನ್ನೂ ಒಂದೇ ಗುಟುಕಿಗೆ ಎಬ್ಬಿಸಿ ನಿಲ್ಲಿಸುತ್ತದೆ. ಇಡೀ ನಾಡಿನಲ್ಲಿ ಸಿಗುವುದು ಏಳೇ ಶೀಶೆ. ಕುಸುನೋಕಿ-ಸಾನ್ ಹತ್ತು ಕಂತುಗಳಲ್ಲಿ ಎಪ್ಪತ್ತು ಶೀಶೆ ಕೂಡಿಟ್ಟವರು, ಒಂದನ್ನೂ ತೆರೆದವರಲ್ಲ. ಈ ಸಲ ಏಳರಲ್ಲಿ ಎರಡನ್ನು ಇಗರಾಶಿ ತನ್ನ ಪಾಳಿಯಲ್ಲಿ ಕುಡಿಸಿಬಿಟ್ಟಿದ್ದಳು.

“ಯಾವ ರಾಕ್ಷಸನ ಮುಂದೆ ಕುಡಿಸಿದೆ?”

“ಒಂದು ಬಾವಲಿ ಮುಂದೆ.”

“ಇನ್ನೊಂದು?”

“ಅವನು ಸುಸ್ತಾದ ಹಾಗೆ ಕಂಡ. ಪಾಪ ಅನ್ನಿಸ್ತು.”

ಕುಸುನೋಕಿ-ಸಾನ್ ಎದ್ದು ಹೋಗಿ ಕಿಟಕಿಯ ಬಳಿ ನಿಂತು ಕಾಂದಾ ಸ್ಟೇಷನ್ನಿನ ರೈಲುಗಳನ್ನು ನೋಡಿದರು. ಮೂರು ರೈಲು ಹೋದ ಮೇಲೆ ವಾಪಸು ಬಂದು ಕೂತರು. “ಉಳಿದ ಐದನ್ನು ಮುಟ್ಟಬೇಡ,” ಎಂದರು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಕುಸುಇಗ ರಾಕ್ಷಸರಾಜನ ಮುಂದೆ ನಿಂತ. ಕಂಪನಿಯ ಮನುಷ್ಯ ಪೆಟ್ಟಿಗೆ ಒಯ್ಯಲು ಆಗಲೇ ಬಂದು, ಕೆಳಗಿನ ಮಹಡಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದ. ನಾವೆಲ್ಲ ಕುರ್ಚಿಯ ಹಿಂದೆ ಸೇರಿದ್ದೆವು. ಆಟ ನಡೆಸುವ ಹಿಡಿಕೆ ಕುಸುನೋಕಿ-ಸಾನ್ ಕೈಯಲ್ಲಿತ್ತು. ಕಾದಾಟ ಶುರುವಾಗಿ ಹತ್ತು ನಿಮಿಷಕ್ಕೆ ಪರದೆಯ ಮೇಲಿನ ವೀರನ ಪ್ರಾಣದ ಗೆರೆ ಕೆಂಪಗೆ ಮಿನುಗತೊಡಗಿತು.

“ಇಬ್ಬನಿ ಕುಡಿಸಿ,” ಎಂದಳು ಇಗರಾಶಿ.

“ಮುಂದೆ ಬೇಕಾಗಬಹುದು.”

“ಮುಂದೆ ಎಲ್ಲಿದೆ ರೀ! ಇವನೇ ಕೊನೆಯವನು!”

“ಕೊನೆಯವನ ಹೊಟ್ಟೆಯೊಳಗೆ ಇನ್ನೊಬ್ಬ ಇರ್ತಾನೆ. ನಾಲ್ಕನೇ ಕಂತಿನಿಂದ ನೋಡ್ತಿದ್ದೀನಿ.”

ಅವರು ಹೇಳಿದ್ದು ನಿಜವಾಯಿತು. ರಾಕ್ಷಸರಾಜ ಸೀಳಿಹೋಗಿ, ಒಳಗಿಂದ ಇನ್ನೂ ದೊಡ್ಡವನೊಬ್ಬ ಬಂದ. ಒಂದೇ ಏಟು. ಕುಸುಇಗ ಚೀಲದಲ್ಲಿ ಐದು ಶೀಶೆ ಭದ್ರವಾಗಿಟ್ಟುಕೊಂಡೇ ಸತ್ತ.

“ಮಿತವ್ಯಯದ ವೀರ,” ಎಂದ ಮಿನೆಗಿಶಿ.

ಮೂರೂ ಇಪ್ಪತ್ತು. ಸತ್ತ ವೀರ ಏಳನೆಯ ಗೋಪುರದಲ್ಲಿ ಎದ್ದು ಕೂತ. ಅಲ್ಲಿಂದ ಅರಮನೆಗೆ ಬೇಲಿಗಳನ್ನು ಸುತ್ತಿಕೊಂಡು ಹೋದರೆ ಒಂದೂಕಾಲು ಗಂಟೆ, ನೆಗೆದುಹೋದರೆ ಮೂವತ್ತು ನಿಮಿಷ. ಇಗರಾಶಿ ಗಡಿಯಾರ ನೋಡಿದಳು, ಆಮೇಲೆ ಅವರನ್ನು ನೋಡಿದಳು.

ಕುಸುನೋಕಿ-ಸಾನ್ ಕೆಮ್ಮಿದರು.

“ನೆಗೆಯೋ ಗುಂಡಿ ಯಾವುದು?”

ಹತ್ತು ದಿನಗಳಲ್ಲಿ ಅವರು ಅದನ್ನು ಒತ್ತಿಯೇ ಇರಲಿಲ್ಲ. ಆಕೆ ತೋರಿಸಿದಳು. ವೀರ ನೆಗೆದ. ಮೊದಲ ಮೂರು ಬೇಲಿಗಳಿಗೆ ಡಿಕ್ಕಿ ಹೊಡೆದ, ನಾಲ್ಕನೆಯದನ್ನು ದಾಟಿದ. ಐದನೆಯದನ್ನು ಎರಡು ಸಲ ದಾಟಿದರು. ಒಂದು ಸಲ ಅಗತ್ಯಕ್ಕೆ, ಇನ್ನೊಂದು ಸಲ ಸುಮ್ಮನೆ. ಅದನ್ನು ನಾವ್ಯಾರೂ ನೋಡದ ಹಾಗಿದ್ದೆವು.

ನಾಲ್ಕಕ್ಕೆ ಮತ್ತೆ ಅದೇ ರಾಕ್ಷಸ, ಅವನೊಳಗಿಂದ ಅದೇ ಇನ್ನೊಬ್ಬ. ವೀರನ ಪ್ರಾಣ ಮಿನುಗಿತು. ಕುಸುನೋಕಿ-ಸಾನ್ ಚೀಲ ತೆರೆದರು, ಐದು ಶೀಶೆಗಳ ಮೇಲೆ ಬೆರಳು ನಿಲ್ಲಿಸಿದರು. ಚೀಲ ಮುಚ್ಚಿದರು. ಮತ್ತೆ ತೆರೆದರು.

“ಇವನ ಹೊಟ್ಟೆಯೊಳಗೆ ಮತ್ತೊಬ್ಬ ಇದ್ರೆ?” ಎಂದು ನನ್ನ ಕಡೆ ತಿರುಗಿದರು.

ನಾನು ಕೊನೆ ನೋಡಿದವನು. ಒಬ್ಬರ ಆಟದ ಗುಟ್ಟನ್ನು ಇನ್ನೊಬ್ಬರು ಬಾಯಿಬಿಡುವುದು ನಮ್ಮ ಕಚೇರಿಯಲ್ಲಿ ಕಳ್ಳತನಕ್ಕಿಂತ ಕೀಳು. ನಾನು ಛಾವಣಿ ನೋಡಿದೆ. ಮಿನೆಗಿಶಿ ಚಪ್ಪಲಿ ನೋಡಿಕೊಂಡ.

“ಕುಡಿಸಿಬಿಡಿ, ಕುಸುನೋಕಿ-ಸಾನ್,” ಎಂದಳು ಇಗರಾಶಿ, ಈ ಸಲ ಮೆಲ್ಲಗೆ. “ಇರೋದು ಇವತ್ತೊಂದೇ ದಿನ ಅಲ್ವಾ.”

ಅವರು ಒತ್ತಿದರು.

ಔಷಧ ಕುಡಿದಾಗ ಈ ಆಟದಲ್ಲಿ ಒಂದು ಸಣ್ಣ ರಾಗ ಬರುತ್ತದೆ, ಕೊಳಲಿನಲ್ಲಿ ಐದಾರು ಸ್ವರ. ದೇಶದ ಮಕ್ಕಳೆಲ್ಲ ಜ್ವರ ಬಿಟ್ಟು ಎದ್ದಾಗ ಅದನ್ನು ಗುನುಗುತ್ತಾರೆ. ಕುಸುನೋಕಿ-ಸಾನ್ ಹಿಡಿಕೆ ಕೆಳಗಿಟ್ಟರು.

“ಚೆನ್ನಾಗಿದೆ. ಹೊಸದಾ?”

“ಮೂರನೇ ಕಂತಿನಿಂದ ಇದೆ,” ಎಂದಳು ಇಗರಾಶಿ. “ನಮ್ಮಜ್ಜಿಗೂ ಗೊತ್ತು.”

ಅವರು ಇನ್ನೂ ಮೂರು ಶೀಶೆ ಕುಡಿಸಿದರು. ಎರಡಕ್ಕೆ ಅಗತ್ಯವಿತ್ತು. ನಾಲ್ಕು ಮೂವತ್ತೈದಕ್ಕೆ ರಾಕ್ಷಸ ಬಿದ್ದ, ಅವನೊಳಗಿಂದ ಮತ್ತೆ ಯಾರೂ ಬರಲಿಲ್ಲ. ಏಳು ಗಂಟೆಗಳು ಮೊಳಗಿದವು, ರಾಜ ಕುಸುಇಗನ ಹೆಸರು ಹಿಡಿದು ಹೊಗಳಿದ, ಆಟ ಮಾಡಿದವರ ಹೆಸರುಗಳು ಹರಿದುಹೋದವು. ಕುಸುನೋಕಿ-ಸಾನ್ ಕೊನೆಯ ಹೆಸರಿನವರೆಗೂ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದರು. ಐದಕ್ಕೆ ಕಂಪನಿಯವನು ಬಂದು ನಾಲ್ಕು ಸಲ ಬಾಗಿ, ಪೆಟ್ಟಿಗೆ ಒಯ್ದ.

ಐದೂಕಾಲಕ್ಕೆ ಅವರ ಅಂಕದ ಚೀಟಿ ಒಕುದೈರಾ ಮೇಜಿಗೆ ಬಂತು. ಒಕುದೈರಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಏಳಾ? ಮೂವತ್ತು ವರ್ಷ ಒಂಬತ್ತು ಕೊಟ್ಟೋರು ನೀವು!”

“ಕೊನೆ ರಾಕ್ಷಸ ತೀರಾ ಸುಲಭ.”

“ಇಬ್ಬನಿ ಕುಡಿಸಿದ್ರೆ ಸುಲಭಾನೇ ರೀ,” ಎಂದ ಮಿನೆಗಿಶಿ. “ಹಿಂದಿನ ಹತ್ತೂ ಹಾಗೇ ಇದ್ವು.”

ಕುಸುನೋಕಿ-ಸಾನ್ ತಮ್ಮ ಚೀಟಿಯನ್ನು ಎತ್ತಿಕೊಂಡು ನೋಡಿದರು.

“ಹಾಗಿದ್ರೆ ಅವಕ್ಕೂ ಏಳೇ ಕೊಡ್ಬೇಕಿತ್ತು. ತಿದ್ದುಪಡಿ ಹಾಕೋಕಾಗತ್ತಾ?”

“ಆಗಲ್ಲ,” ಎಂದರು ಒಕುದೈರಾ.

ಮಿನೆಗಿಶಿ ಎಂಟು ಕೊಟ್ಟಿದ್ದ, ನಾನು ಎಂಟು, ಇಗರಾಶಿ ಒಂಬತ್ತು. ಹದಿಮೂರನೆಯ ಕಂತಿಗೆ ನಲವತ್ತಕ್ಕೆ ಮೂವತ್ತೆರಡು ಬಂತು.