ಸೀರೆಗಳ ಹಿಂದೆ ಸಿಕ್ಕ ಕೊಳವೆ

ಸೊಸೆಯ ಕೋಣೆಯಿಂದ ರಾಳದ ಹೊಗೆ ಬಂದ ದಿನವೇ ಮಾರಕ್ಕನಿಗೆ ಅನುಮಾನ ಹುಟ್ಟಿತು. ದೇವರ ಮನೆಯಲ್ಲಿ ಒಂದು ಊದುಬತ್ತಿ ಹಚ್ಚು ಅಂದರೆ ಕೆಮ್ಮುವ ಸುಕನ್ಯ, ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಯಾವ ದೇವರಿಗೆ ಧೂಪ ಹಾಕುತ್ತಿದ್ದಾಳೆ? ಕಿವಿಗೊಟ್ಟರೆ ಕರಕರ ಅಂತ ಏನನ್ನೋ ಉಜ್ಜುವ ಸದ್ದು, ನಡುನಡುವೆ ಮಗ ಲಿಖಿತ್‌ನ ನಗು. ಆ ನಗು ಮಾರಕ್ಕನ ಹೊಟ್ಟೆ ಉರಿಸಿತು. ಮದುವೆಗೆ ಮುಂಚೆ ಅವನು ಹೀಗೆ ನಗುತ್ತಿದ್ದದ್ದು ತನ್ನ ಜೊತೆ, ಅಡುಗೆ ಮನೆಯಲ್ಲಿ.

ಈಗ ತಟ್ಟೆ ತೆಗೆದುಕೊಂಡು ಕೋಣೆಗೆ ಹೋಗುತ್ತಾನೆ. "ಇಲ್ಲೇ ಕೂತ್ಕೊಂಡು ಉಣ್ಣೋ" ಅಂದರೆ "ಕೆಲ್ಸ ಇದೆಯಮ್ಮ" ಅನ್ನುತ್ತಾನೆ. ಬಾಣಸವಾಡಿಯ ಹೊಲ ಸೈಟುಗಳಾಗಿ, ಸೈಟು ಬಾಡಿಗೆ ಮನೆಗಳಾಗಿ, ಗಂಡ ರಾಮಾಂಜಿನಪ್ಪನೂ ಹೋದ ಮೇಲೆ ಮಾರಕ್ಕನಿಗೆ ತನ್ನವನು ಅಂತ ಉಳಿದವನು ಇವನೊಬ್ಬ. ಅವನೂ ಕೈತಪ್ಪಿದರೆ ಬಾಡಿಗೆ ಮನೆಗಳನ್ನು ಇಟ್ಟುಕೊಂಡು ಏನು ಮಾಡುವುದು?

ಅನುಮಾನಕ್ಕೆ ಮೇವು ಸಿಗುತ್ತಲೇ ಹೋಯಿತು. ಸಿಂಕಿನ ಕೆಳಗೆ ಹಾಕಿಸಲು ತಂದಿಟ್ಟಿದ್ದ ಸ್ಟೀಲ್ ಪೈಪು ಕಾಣೆಯಾಯಿತು. ಕರಿ ದಾರದ ಉಂಡೆ ಕರಗಿತು. ಕೇಳಿದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸೊಸೆಯ ಬೆರಳಲ್ಲಿ ಸುಟ್ಟ ಗಾಯ ಬೇರೆ.

ಸೋಮವಾರ ಇಬ್ಬರೂ ಆಫೀಸಿಗೆ ಹೋದದ್ದೇ ತಡ, ಮಾರಕ್ಕ ಕೋಣೆಗೆ ನುಗ್ಗಿದಳು. ಹುಡುಕಿ ಹುಡುಕಿ ಮಧ್ಯಾಹ್ನವಾದ ಮೇಲೆ ಬೀರುವಿನಲ್ಲಿ, ಸೀರೆಗಳ ಹಿಂದೆ, ಹಳದಿ ಬಟ್ಟೆಯಲ್ಲಿ ಸುತ್ತಿಟ್ಟದ್ದು ಕೈಗೆ ಬಂತು. ಗೇಣುದ್ದದ ಸ್ಟೀಲ್ ಕೊಳವೆ, ಮೈಮೇಲೆ ಕರಿ ದಾರದ ಬಿಗಿಯಾದ ಸುತ್ತು, ಒಂದು ಕೆಂಪು ಗುಂಡಿ. ತುದಿಯ ಮುಚ್ಚಳ ತಿರುಗಿಸಿ ಇಣುಕಿದಳು. ಒಳಗೆ ತಾಮ್ರದ ತಂತಿ, ಗೆರೆ ಗೆರೆ ಬರೆದ ಪುಟ್ಟ ತಗಡು, ಹೊಳೆಯುವ ಗಾಜಿನ ಹರಳು. ತಾಯಿತ! ಕೊರಳಿಗೆ ಕಟ್ಟುವ ತಾಯಿತದಲ್ಲೂ ಇರುವುದು ಇಷ್ಟೇ ತಾನೆ, ಕೊಳವೆ, ಬರೆದ ತಗಡು, ಕರಿ ದಾರ. ಬೆರಳಗಂಟಿನಷ್ಟು ಇರಬೇಕಾದ್ದನ್ನು ಗೇಣುದ್ದ ಮಾಡಿಸಿದ್ದಾಳೆ ಅಂದರೆ ಮಗನನ್ನು ಎಷ್ಟು ಬಿಗಿಯಾಗಿ ಕಟ್ಟಿಹಾಕಿರಬೇಡ ಈ ಮಹಾತಾಯಿ!

ಚೀಲಕ್ಕೆ ಹಾಕಿಕೊಂಡು ಶಿವಾಜಿನಗರದ ಬಸ್ಸು ಹತ್ತಿದಳು. ಅಲ್ಲಿ ಬಿಲ್ಕೀಸ್ ಇದ್ದಳು. ಮಾರಕ್ಕ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದ ಕಾಲಕ್ಕೆ ಪಕ್ಕದಲ್ಲೇ ನಿಂಬೆಹಣ್ಣು ಮಾರುತ್ತಿದ್ದವಳು, ಈಗ ಮನೆಯಲ್ಲೇ ಮಕ್ಕಳಿಗೆ ದೃಷ್ಟಿ ತೆಗೆದು ದಾರ ಕಟ್ಟುತ್ತಾಳೆ.

"ಇದರ ಕಟ್ಟು ಬಿಡಿಸ್ಕೊಡೇ. ಮಗ ಕೈಬಿಟ್ಟು ಹೋಗ್ತವ್ನೆ."

ಬಿಲ್ಕೀಸ್ ಅದನ್ನು ಹಿಂದೆ ಮುಂದೆ ತಿರುಗಿಸಿ ಗುಂಡಿ ಒತ್ತಿದಳು. ಕೊಳವೆ ಗುಂಯ್ ಅಂದು ನೀಲಿ ಬೆಳಕು ಕಾರಿತು. ಮಾರಕ್ಕ ಗೋಡೆಗೆ ಅಂಟಿಕೊಂಡಳು. ಬಿಲ್ಕೀಸ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಅರೇ ಅಕ್ಕಾ, ತಾಯಿತ ಎಲ್ಲಿ ಬಂತು? ಕತ್ತಿಯ ಹಿಡಿಕೆ ಇದು. ಆಕಾಶದಲ್ಲಿ ಬೆಳಕಿನ ಕತ್ತಿ ಹಿಡ್ಕೊಂಡು ಹೊಡೆದಾಡೋ ಸಿನಿಮಾ ಬರ್ತದಲ್ಲ, ಅದರದ್ದು. ನಮ್ಮ ಮೊಮ್ಮಗ ಯಾಸಿರ್ ಹತ್ರ ಪ್ಲಾಸ್ಟಿಕ್ಕಿಂದು ಐತೆ. ಇದು ಯಾರೋ ಕೈಯಲ್ಲಿ ಮಾಡಿರೋದು. ಆಟದ ಸಾಮಾನು, ತಗೊಂಡೋಗಿ ಇಟ್ಬಿಡು."

ಮಾರಕ್ಕ ನಾಚಿಕೊಂಡು ಅದನ್ನು ಮತ್ತೆ ಚೀಲಕ್ಕೆ ತುರುಕಿದಳು. ಮಗ ಸೊಸೆ ಬರುವುದರೊಳಗೆ ಇಟ್ಟುಬಿಡಬೇಕು ಅಂದುಕೊಂಡರೆ, ಹಾಳು ಬಸ್ಸು ಶಿವಾಜಿನಗರ ದಾಟುವುದಕ್ಕೇ ಯುಗ ಮಾಡಿತು. ಮನೆ ಗೇಟಿನಲ್ಲೇ ಲಿಖಿತ್‌ನ ಕೂಗು ಕೇಳಿಸಿತು.

"ಅಮ್ಮ ಬೈತಾಳೆ ಅಂತ ಮುಚ್ಚಿಟ್ಟಿದ್ದು, ಆ ಜಾಗ ನಮ್ಮಿಬ್ಬರಿಗೇ ಗೊತ್ತಿದ್ದಿದ್ದು! ತಿಂಗಳುಗಟ್ಟಲೆ ಆ ಪೈಪಿಗೆ ಅರ ಹಾಕಿ ಉಜ್ಜಿದೀನಿ. 'ಇದಕ್ಕೆ ಕೊಡೋ ಟೈಮ್ ನಂಗೆ ಕೊಡು' ಅಂದೆ ತಾನೆ ನೀನು? ಎಲ್ಲಿ ಎಸ್ದೆ ಹೇಳು!"

"ಒಳಗಿನ ಬೋರ್ಡ್‌ಗೆ ರಾಳ ಹಚ್ಚಿ ಬೆಸುಗೆ ಹಾಕಿ ಬೆರಳು ಸುಟ್ಕೊಂಡಿದ್ದು ನಾನು. ನಾನ್ಯಾಕೋ ಎಸೀಲಿ?" ಸುಕನ್ಯ ಅಳುತ್ತಿದ್ದಳು. ಬಾಗಿಲಲ್ಲಿ ನಿಂತ ಅತ್ತೆಯನ್ನು, ಅವಳ ಚೀಲವನ್ನು ನೋಡಿದಳು. "ಅತ್ತೆ, ನೀವೇನಾದ್ರೂ ನೋಡಿದ್ರಾ?"

"ನಿಮ್ ರೂಮಿಗೆ ನಾನ್ಯಾಕವ್ವ ಬರ್ಲಿ?" ಮಾತು ಬಾಯಿಂದ ಜಾರಿಯೇ ಹೋಯಿತು.

"ಅಮ್ಮನ್ನ ಇದಕ್ಕೆ ಎಳೀಬೇಡ" ಅಂತ ಲಿಖಿತ್ ಕಿರುಚಿದ. "ಅಮ್ಮ ಸುಳ್ಳು ಹೇಳಲ್ಲ."

ಸುಕನ್ಯ ಕೋಣೆಯ ಬಾಗಿಲು ಹಾಕಿಕೊಂಡಳು. ಲಿಖಿತ್ ಅಡುಗೆ ಮನೆಗೆ ಬಂದು ಕೂತ. "ಊಟ ಹಾಕಮ್ಮ. ನಿನ್ನ ಬಿಟ್ರೆ ನಂಗೆ ನಂಬೋಕೆ ಯಾರೂ ಇಲ್ಲ."

ಮಾರಕ್ಕ ಚೀಲವನ್ನು ರಾಗಿ ಡ್ರಮ್ಮಿನ ಪಕ್ಕ ಇಟ್ಟು ಮುದ್ದೆ ಬಡಿಸಿದಳು. ಮಗ ಸಾರಿನಲ್ಲಿ ಮುದ್ದೆ ಅದ್ದಿಕೊಂಡು, ಹೆಂಡತಿಯ ಮೇಲಿನ ಸಿಟ್ಟನ್ನೆಲ್ಲ ತಾಯಿಯ ಮುಂದೆ ಸುರಿದ. ಅವಳಿಗೆ ಖುಷಿಯಾಯಿತು. ಆ ಖುಷಿಯ ಬಗ್ಗೆ ಅಸಹ್ಯವೂ ಆಯಿತು, ಆದರೆ ಖುಷಿ ಕಡಿಮೆಯಾಗಲಿಲ್ಲ. ಗೋಡೆಯಾಚೆಯಿಂದ ಬಿಕ್ಕುವ ಸದ್ದು ಬರುತ್ತಿತ್ತು. ಹೇಳಿಬಿಡಬೇಕು, ಈಗಲೇ, ಅಂತ ಬಾಯಿ ತೆರೆದಳು.

"ಇನ್ನೊಂಚೂರು ಸಾರು ಹಾಕಮ್ಮ" ಅಂದ ಲಿಖಿತ್.

ನಾಳೆ ಹೇಳಿದರಾಯಿತು. ಆಟದ ಸಾಮಾನಂತೆ! ಆ ಬಿಲ್ಕೀಸ್‌ಗೆ ಏನು ಗೊತ್ತು? ಇದು ಕೈಗೆ ಬಂದ ದಿನವೇ ಮಗ ಅಡುಗೆ ಮನೆಗೆ ವಾಪಸ್ಸು ಬಂದನಲ್ಲ. ಮಾರಕ್ಕ ಚೀಲವನ್ನು ಕಾಲಿನಿಂದ ಡ್ರಮ್ಮಿನ ಹಿಂದಕ್ಕೆ ಸರಿಸಿ, ಸೌಟು ಕೈಗೆತ್ತಿಕೊಂಡಳು.